ಶಿವನಿಗೆ ಉಳಿಯದ ತುಂಬೆ

"ಹೊಸದಾಗಿ ಪಾಠಕ್ಕೆ ಬಂದವಳೂ ನಾನೂ ಒಂದೇ ಪದ ಹಾಡುತ್ತೇವೆ, ಗುರುಗಳೇ. ನಿಜ ಹೇಳಿ, ಯಾರದು ಮೇಲು?" ಎಂದು ಶಿಷ್ಯೆ ಕೇಳಿದಳು. ಎಷ್ಟೋ ದಿನದಿಂದ ಗಂಟಲಲ್ಲೇ ತಡೆದಿಟ್ಟುಕೊಂಡಿದ್ದ ಮಾತು ಅದು.

ಗುರುಗಳು ಕತೆ ಹೇಳಿದರು.

ಒಬ್ಬಳು ಮದುವೆಯಾಗಿ ಗಂಡನ ಮನೆಗೆ ಬಂದಳು. ಬೆಳಗಿನ ಪೂಜೆಗೆ ಹೂ ಬಿಡಿಸುವ ಕೆಲಸ ಅವಳ ಪಾಲಿಗೆ ಬಂತು. ಹೊಲದ ಬದುವಿನಲ್ಲಿ ಎರಡು ಬಗೆಯ ತುಂಬೆ ತಾವಾಗಿಯೇ ಬೆಳೆದಿದ್ದವು. ಒಂದು ಬಗೆ ದಂಟಿನ ಉದ್ದಕ್ಕೂ ಗೆಣ್ಣುಗೆಣ್ಣಿಗೆ ಹೂ ಬಿಡುತ್ತಿತ್ತು. ಇನ್ನೊಂದು ಬಗೆ ದಂಟಿನ ತುದಿಯಲ್ಲಿ ಮಾತ್ರ ಚೆಂಡಿನ ಹಾಗೆ ಗುಂಡಗೆ ಹೂ ಕಟ್ಟುತ್ತಿತ್ತು. ಅವಳ ತವರಿನಲ್ಲಿ ಶಿವನಿಗೆ ಏರಿಸುತ್ತಿದ್ದುದು ಚೆಂಡಿನ ತುಂಬೆ. ಅದನ್ನೇ ತಂದಳು.

"ಇದು ತುಂಬೆಯಲ್ಲ" ಎಂದು ಅತ್ತೆ ತಟ್ಟೆಯನ್ನು ತಿಪ್ಪೆಗೆ ಸುರಿದಳು.

ಮರುದಿನದಿಂದ ಸೊಸೆ ಆ ಮನೆಯವರು ಏರಿಸುವ ಗೆಣ್ಣಿನ ತುಂಬೆಯನ್ನೇ ತಂದಳು. ತಟ್ಟೆಯ ಅಂಚಿನಲ್ಲಿ ಮಾತ್ರ ಒಂದೇ ಒಂದು ಚೆಂಡು ಇಡುತ್ತಿದ್ದಳು. ಅತ್ತೆ ಅದನ್ನು ಹುಡುಕಿ ಎಸೆಯುತ್ತಿದ್ದಳು. ಒಂದು ಹೂವಿಗೆ ಜಾಗವಿಲ್ಲದ ಮನೆಯಲ್ಲಿ ತನಗೆ ಜಾಗವಿದ್ದೀತೇ ಎಂದು ಸೊಸೆಗೆ ಅಳುಕು ಹುಟ್ಟಿತು.

ಒಂದು ದಿನ ಅತ್ತೆ ರೇಗಿದಳು. "ಮತ್ತೆ ಇದನ್ನೇ ತಂದೆಯೇನೇ? ನಿಮ್ಮೂರ ಶಿವನಿಗೇನು ಕಣ್ಣು ಮಂಜೇ?"

"ಮಂಜೇ ಇರಬೇಕು ಅತ್ತೆ. ಇದನ್ನು ಮುಡಿದುಕೊಂಡೇ ಅಲ್ಲವೇ ಅವನು ನನಗೆ ನಿಮ್ಮ ಮಗನನ್ನು ಕೊಟ್ಟದ್ದು?"

ಮಾತು ಬಾಯಿಂದ ಜಾರಿದ ಮೇಲೆ ಸೊಸೆ ಒಂದು ಹೆಜ್ಜೆ ಹಿಂದೆ ಸರಿದಳು. ಅತ್ತೆ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಆದರೂ ನಗು ಹೊರಗೆ ಬಂತು.

"ಬಾಯಿ ಬಂತಲ್ಲ ನಿನಗೆ! ಹೋಗು, ಆ ಚೆಂಡಿಂದೂ ಒಂದು ಬೊಗಸೆ ತಾ. ಪಕ್ಕದಲ್ಲಿಟ್ಟು ನೋಡಿಯೇಬಿಡೋಣ."

ಇಬ್ಬರೂ ಜಗಲಿಯಲ್ಲಿ ಕೂತರು. ದಂಟು ಮುಟ್ಟಿ ನೋಡಿದರು. ಎರಡಕ್ಕೂ ನಾಲ್ಕು ಮೂಲೆ. ಎಸಳು ನೋಡಿದರು, ಎರಡೂ ಬಿಳಿ. ಎಲೆ ಹಿಸುಕಿ ಮೂಸಿದರು, ಅದರಲ್ಲೂ ತೀರ್ಮಾನವಾಗಲಿಲ್ಲ. ಇನ್ನು ಉಳಿದದ್ದು ಜೇನು. ಅತ್ತೆ ಒಂದು ಹೂ ಕಿತ್ತು ಅದರ ಬುಡ ಚೀಪಿದಳು. ಸೊಸೆ ಇನ್ನೊಂದನ್ನು ಚೀಪಿದಳು.

"ಸರಿಯಾಗಿ ಗೊತ್ತಾಗಲಿಲ್ಲ. ಇನ್ನೊಂದು ಕೊಡು" ಎಂದಳು ಅತ್ತೆ.

ಸೊಸೆ ಕೊಟ್ಟಳು. ಅತ್ತೆಯೂ ಅವಳಿಗೊಂದು ಕಿತ್ತು ಕೊಟ್ಟಳು. ಮಾವ ಸ್ನಾನ ಮುಗಿಸಿ, ಒದ್ದೆ ಪಂಚೆಯಲ್ಲೇ ಬಂದು ಹೂವೆಲ್ಲಿ ಎಂದು ಕೇಳಿದಾಗ ತಟ್ಟೆಯಲ್ಲಿ ಬರೀ ತೊಟ್ಟು ಉಳಿದಿದ್ದವು. ಅತ್ತೆ ಸೊಸೆಯ ಮುಖ ನೋಡಿದಳು. ಸೊಸೆ ತುಟಿ ಒರೆಸಿಕೊಂಡಳು. ಅಂದು ಶಿವನಿಗೆ ಬರೀ ನೀರಿನ ಪೂಜೆಯಾಯಿತು.

ಗುರುಗಳು ಕತೆಯನ್ನು ಅಲ್ಲಿಗೇ ಮುಗಿಸಿದರು. ಶಿಷ್ಯೆ ಕಾದಳು. ಕೊನೆಗೆ ತಡೆಯಲಾರದೆ ಕೇಳಿದಳು: "ಹಾಗಾದರೆ ಯಾವ ತುಂಬೆ ಮೇಲು ಅಂತಾಯಿತು, ಗುರುಗಳೇ?"

"ಹೂವಿಲ್ಲದೆ ಕೂತ ಶಿವನೇ ಅದನ್ನು ಕೇಳಲಿಲ್ಲ, ನೀನೇಕೆ ಕೇಳುತ್ತೀಯಮ್ಮ?"