ಇಸ್ತ್ರಿ ಬಟ್ಟೆಯ ಬಡವಿ

ಬಡವರಿಗಾಗಿ ಇರುವ ಕೆಎಎಸ್ ಪರೀಕ್ಷೆಯ ಉಚಿತ ತರಬೇತಿಗೆ ಅರ್ಜಿ ಕೊಡಲು ಅದೇ ಕಡೇ ದಿನ. ಅರ್ಜಿ ತಂದ ಶಿವಲೀಲಾಳನ್ನು ಕಚೇರಿಯ ಸಾಹೇಬರು ಮೇಲಿಂದ ಕೆಳಗೆ ನೋಡಿದರು.

"ಗರಿಗರಿ ಇಸ್ತ್ರಿ ಬಟ್ಟೆ. ಇವಳು ಬಡವಳಂತೆ. ಆಗಲ್ಲ, ಹೋಗಮ್ಮ."

ಜವಾನ ವಾದಕ್ಕೆ ಇಳಿಯಲಿಲ್ಲ. "ನಿಜ ಸಾರ್. ಇವರ ಮನೆಯವರ ದರ್ಬಾರು ಕಣ್ಣಾರೆ ನೋಡಿಯೇ ಷರಾ ಬರೀರಿ. ಇಲ್ಲೇ ಹತ್ತು ಹೆಜ್ಜೆ" ಎಂದ. ಸಾಹೇಬರು ಹುರುಪಿನಿಂದ ಹೊರಟರು.

ಕಾಂಪೌಂಡಿನಾಚೆ ಹೊಂಗೆ ಮರದಡಿ ಒಂದು ತಳ್ಳುಗಾಡಿ. ಹುಡುಗಿಯ ತಾಯಿ ಅಲ್ಲಿ ಕೆಂಡದ ಇಸ್ತ್ರಿಪೆಟ್ಟಿಗೆ ಒತ್ತುತ್ತಿದ್ದಳು.

"ಬನ್ನಿ ಸಾರ್, ನಿಮ್ಮ ಬಿಳಿ ಅಂಗಿ ಈಗ ಮುಗೀತು. ಮೈಮೇಲಿರೋದು ನಮ್ಮ ಶಿವಲೀಲಾನೇ ಉಜ್ಜಿದ್ದು. ಕೈಯಲ್ಲಿ ಪುಸ್ತಕ ಹಿಡ್ಕೊಂಡೇ ಉಜ್ತಾಳೆ. ಮಡಿಕೆ ಸರಿಯಾಗಿದೆಯಾ?"

ಸಾಹೇಬರು ಕಾಲರ್ ಮುಟ್ಟಿಕೊಂಡರು. ಜವಾನ ಗಾಡಿಯ ಮೇಲೆ ಅರ್ಜಿ ಹರಡಿ ಪೆನ್ನು ಚಾಚಿದ.

"ಇಲ್ಲೇ ಸಹಿ ಹಾಕಿ ಸಾರ್. ಕೆಂಡದ ಕಡೆ ಕೈ ಹೋಗದಂಗೆ ನಾನು ನೋಡ್ಕೋತೀನಿ."

ಸಾಹೇಬರು ಹಾಕಿದರು.