ದೋಣಿ ಇಳಿಸುವ ಜಟ್ಟು

ಬಹಳ ಹಿಂದೆ, ನಮ್ಮಜ್ಜನ ಅಜ್ಜನಿಗೂ ಮುಂಚೆ ಅಂತಿಟ್ಟುಕೊಳ್ಳಿ, ಹೊಳೆದಂಡೆಯ ಮೇಲೆ ಸೀಗೆಬೇಣ ಅಂತ ಒಂದು ಊರು. ಆ ಊರಲ್ಲಿ ಜಟ್ಟು ಅಂತ ಒಬ್ಬ ಅಂಬಿಗ. ದೋಣಿ ನಡೆಸುವವರು ಅಲ್ಲಿ ಬೇಕಾದಷ್ಟು ಮಂದಿ ಇದ್ದರು. ಜಟ್ಟುವಿನ ಹೆಸರು ಉಳಿದದ್ದು ದೋಣಿ ಇಳಿಸಿದ್ದಕ್ಕೆ.

ದೋಣಿ ಕಟ್ಟುವ ಚಪ್ಪರ ಇದ್ದದ್ದು ಗುಡ್ಡದ ಮೇಲೆ. ಕೆಳಗೆ ಕಟ್ಟಿದರೆ ಮಳೆಗಾಲದ ನೆರೆ ಬಿಡುತ್ತದೆಯೇ? ಮೇಲೆ ಕಟ್ಟಿ, ಬಂಡಿಗೆ ಏರಿಸಿ, ಕಲ್ಲು ಹಾಸಿದ ಇಳಿಜಾರಿನಲ್ಲಿ ನೀರಿಗೆ ತರಬೇಕು. ಪಾಚಿ ಕಟ್ಟಿದ ಕಲ್ಲು, ಆನೆಯಂಥ ಭಾರ. ಹತ್ತು ಜನ ಹತ್ತು ಥರ ಕೂಗುತ್ತಿದ್ದರಂತೆ, ಎಳಿ ಅಂತ ಒಬ್ಬ, ಬಿಡು ಅಂತ ಇನ್ನೊಬ್ಬ.

ಅಂಥ ಒಂದು ದಿನ ಜಟ್ಟುವಿನ ಅಣ್ಣ ಹೊನ್ನಪ್ಪ ಬಂಡಿಯ ಕೆಳಗಡೆ, ನೀರಿನ ಕಡೆ ನಿಂತಿದ್ದ. ದೋಣಿಯನ್ನು ಬಂಡಿಗೆ ಬಿಗಿದ ಹಗ್ಗ ಬಿಚ್ಚು, ಬೇಗ ಆಗಲಿ ಅಂತ ಅವನೇ ಹೇಳಿದ. ಜಟ್ಟು ಬಿಚ್ಚಿದ. ಬಂಡಿ ಇನ್ನೂ ನೀರು ಮುಟ್ಟಿರಲಿಲ್ಲ. ದೋಣಿ ಜಾರಿತು. ಹೊನ್ನಪ್ಪ ಉಳಿಯಲಿಲ್ಲ.

ಆಮೇಲೆ ಅತ್ತಿಗೆ ನಾಗಿ ಜಟ್ಟುವಿನ ಜೊತೆ ಮಾತು ಬಿಟ್ಟಳಂತೆ. ಜಟ್ಟು ಊರವರ ಜೊತೆ ಮಾತು ಬಿಟ್ಟನಂತೆ. ಒಂದು ಇಡೀ ಮಳೆಗಾಲ ಆ ಇಳಿಜಾರಿನ ಮೇಲೆ ಕೂತು ನೀರು ನೋಡಿದನಂತೆ. ನೀರೇ ಅವನಿಗೆ ಹೇಳಿಕೊಟ್ಟಿತು ಅಂತಾರೆ. ಮೊಸಳೆ ಬಂದು ಹೇಳಿತು ಅನ್ನುವವರೂ ಇದ್ದಾರೆ. ನಾನು ಕಂಡವನಲ್ಲ.

ಅಲ್ಲಿಂದ ಎದ್ದವನು ಇಳಿಜಾರಿನ ತಲೆಯಲ್ಲಿ ಒಂದು ಕಲ್ಲುಕಂಬ ನೆಟ್ಟ. ಬಂಡಿಯ ಹಗ್ಗವನ್ನು ಆ ಕಂಬಕ್ಕೆ ಸುತ್ತಿ, ಸ್ವಲ್ಪ ಸ್ವಲ್ಪವೇ ಸಡಿಲ ಬಿಡುವುದು. ಹುಟ್ಟು, ಬುತ್ತಿ, ಬಲೆ ಏನಿದ್ದರೂ ಮೇಲೆ ಸಪಾಟು ನೆಲದಲ್ಲೇ ತುಂಬಿಕೊಳ್ಳುವುದು. ಮಳೆನೀರು ಹರಿದುಹೋಗಲಿ ಅಂತ ದೋಣಿಯ ತಳದಲ್ಲಿ ಬಿಟ್ಟ ತೂತಿಗೆ ಬೆಣೆ ಬಡಿದಿದೆಯೇ ಅಂತ ಕೈಹಾಕಿ ನೋಡುವುದು. ಬಂಡಿಯ ಕೆಳಗಡೆ ನರಪಿಳ್ಳೆ ನಿಲ್ಲಬಾರದು. ಎಳಿ, ಬಿಡು ಅನ್ನುವ ಮಾತು ಒಬ್ಬನದೇ. ನೀರು ದೋಣಿಯನ್ನು ಎತ್ತಿಕೊಳ್ಳುವವರೆಗೂ ದೋಣಿಯ ಹಗ್ಗ ಬಿಚ್ಚಬಾರದು.

ಇವನು ಬಾವಿಗೆ ಕೊಡ ಇಳಿಸುವ ಮೊದಲೂ ಕೊಡವನ್ನು ತಿರುಗಿಸಿ ನೋಡುತ್ತಾನೆ ಅಂತ ಹೆಂಡತಿ ನಗುತ್ತಿದ್ದಳಂತೆ. ಊರೂ ನಕ್ಕಿತಂತೆ. ಜಟ್ಟುವೂ ನಗುತ್ತಿದ್ದ, ಆದರೆ ನೋಡುವುದನ್ನು ಬಿಡಲಿಲ್ಲ.

ಒಂದು ವರ್ಷ ಎಂದೂ ಕಾಣದ ನೆರೆ ಬಂತು. ದಂಡೆಯಲ್ಲಿದ್ದ ದೋಣಿಗಳೆಲ್ಲ ಕೊಚ್ಚಿಹೋದವು. ಹೊಳೆಯ ನಡುವೆ ಕುದ್ರು ಅನ್ನುವ ನಡುಗಡ್ಡೆಯಲ್ಲಿ ಜನ ಮನೆಯ ಮಾಡಿನ ಮೇಲೆ ಹತ್ತಿ ಕೂತಿದ್ದರು. ಅವರಲ್ಲಿ ನಾಗಿಯ ಮಗಳು ಸುಕ್ರಿ, ಮಡಿಲಲ್ಲಿ ಹಸಿಕೂಸು. ಉಳಿದದ್ದು ಗುಡ್ಡದ ಮೇಲಿನ ಒಂದೇ ಒಂದು ಹೊಸ ದೋಣಿ.

ಬಂಡಿ ಇಳಿಯತೊಡಗಿತು. ಊರಿಗೆ ಊರೇ ಕೂಗುತ್ತಿತ್ತು, ಹಗ್ಗ ಕಡಿ, ತಳ್ಳು ಅಂತ. ಜಟ್ಟು ಚಕ್ರಕ್ಕೆ ಕಲ್ಲು ಕೊಟ್ಟು ಬಂಡಿ ನಿಲ್ಲಿಸಿದ. ತಳಕ್ಕೆ ಕೈಹಾಕಿದ. ಗಡಿಬಿಡಿಯಲ್ಲಿ ಬೆಣೆ ಬಡಿಯುವುದನ್ನೇ ಮರೆತಿದ್ದರು. ಕೂತು ಬಡಿದ.

ಆಗ ನಾಗಿ ಎದುರು ಬಂದು ನಿಂತಳು. ಎಷ್ಟೋ ವರ್ಷದ ಮೇಲೆ ಆಡಿದ ಮಾತು ಅದು.

"ನನ್ನ ಮಗಳು ಆಚೆ ಇದ್ದಾಳೆ. ಹಗ್ಗ ಬಿಚ್ಚು."

ಜಟ್ಟು ತಲೆ ಎತ್ತಲಿಲ್ಲವಂತೆ. "ಅತ್ತಿಗೆ, ಒಮ್ಮೆ ಅವಸರಕ್ಕೆ ಬಿಚ್ಚಿದೆ. ಇನ್ನೊಮ್ಮೆ ಬಿಚ್ಚಲಾರೆ."

ನಾಗಿ ಅವನನ್ನೇ ನೋಡಿದಳು. ಆಮೇಲೆ ಸೀದಾ ಮೇಲೆ ಹತ್ತಿ ಹೋಗಿ, ಕಂಬಕ್ಕೆ ಸುತ್ತಿದ ಹಗ್ಗದ ತುದಿ ಹಿಡಿದು ನಿಂತಳು. ಊರು ಬಾಯಿ ಮುಚ್ಚಿತು. ಜಟ್ಟು ಬಿಡು ಅಂದಾಗ ಬಿಟ್ಟಳು, ಹಿಡಿ ಅಂದಾಗ ಹಿಡಿದಳು. ಕಂಬದಿಂದ ಹೊಗೆ ಎದ್ದಿತಂತೆ. ಅವಳ ಅಂಗೈ ಸುಲಿದು ಹೋಯಿತಂತೆ. ಚಕ್ರ ಮುಳುಗಿತು, ದೋಣಿಯ ಹಿಂಬದಿ ಅಲ್ಲಾಡಿತು, ನೀರು ಅದನ್ನು ಎತ್ತಿಕೊಂಡಿತು. ಆಗ ಬಿಚ್ಚಿದ. ದೋಣಿಯ ಮೂತಿಗೆ ಕಟ್ಟಿದ ಇನ್ನೊಂದು ಹಗ್ಗ ದಂಡೆಯವರ ಕೈಯಲ್ಲೇ ಇತ್ತು, ಅಂಬಿಗರು ಹತ್ತಿ ಹುಟ್ಟು ಹಿಡಿಯುವವರೆಗೂ ದೋಣಿ ಕೊಚ್ಚಿಹೋಗದೆ ನಿಂತಿತು.

ಕುದ್ರುವಿನ ಜನವೆಲ್ಲ ಈಚೆಗೆ ಬಂದರು. ಕೊನೆಯ ಮನೆಯ ಕೋಳಿಯೂ ಬಂತು ಅಂತಾರೆ. ಆ ಸಂಜೆ ನಾಗಿ ಮೈದುನನನ್ನು ಕರೆದು, ಬಟ್ಟೆ ಸುತ್ತಿದ ಕೈಯಲ್ಲೇ ಗಂಜಿ ಬಡಿಸಿದಳಂತೆ. ಉಪ್ಪಿನಕಾಯಿ ಎರಡು ಸಲ ಹಾಕಿದಳಂತೆ.

ಈಗ ಅಲ್ಲಿ ಸಿಮೆಂಟಿನ ಇಳಿಜಾರು. ಟ್ರ್ಯಾಕ್ಟರ್ ಹಿಂದಕ್ಕೆ ಬರುತ್ತದೆ, ಟ್ರೇಲರಿನ ಮೇಲೆ ದೋಣಿ ಬರುತ್ತದೆ. ಆದರೂ ದೋಣಿ ಇಳಿಯುವ ಮುಂಚೆ ಮೇಲಿಂದ ಒಬ್ಬರು ಹೇಳಲೇಬೇಕು, "ಜಟ್ಟಜ್ಜ ಬರ್ತಾ ಇದಾನೆ, ದಾರಿ ಬಿಡಿ." ಮೀನು ತೊಳೆಯುವವರು, ಆಡುವ ಮಕ್ಕಳು, ಎಲ್ಲ ಬದಿಗೆ ಸರಿಯುತ್ತಾರೆ. ಹೊಸದಾಗಿ ಬಂದ ಸೊಸೆಯಂದಿರು ಯಾವ ಅಜ್ಜ ಬರುತ್ತಾನೆ ಅಂತ ಇಣುಕುತ್ತಾರಂತೆ. ಇಣುಕಲಿ. ಇಣುಕುವುದಕ್ಕಾದರೂ ಬದಿಗೆ ಸರಿಯಬೇಕಲ್ಲ.