ಎಂಟನೆಯ ಪೆಟ್ಟಿಗೆ

"ಗುರುಗಳೇ, ನನ್ನಿಂದ ಏನು ತಪ್ಪಾಯಿತು? ನನ್ನನ್ನೇಕೆ ಅಷ್ಟು ದೂರ ಕಳಿಸುತ್ತಿದ್ದೀರಿ?" ಎಂದು ಬಸವಂತ ಕೇಳಿದ.

ಗುರುಗಳು ಆಕಾಶದಿಂದ ಬರುವ ರೇಡಿಯೊ ಅಲೆಗಳನ್ನು ಅಳೆಯುವುದರಲ್ಲೇ ತಲೆ ನರೆಸಿಕೊಂಡವರು. ಹೆಂಡತಿ ಮಕ್ಕಳಿರಲಿಲ್ಲ. ಒಂಬತ್ತು ವರ್ಷದಿಂದ ಬಸವಂತ ಅವರ ಬಳಿ ಕಲಿಯುತ್ತಿದ್ದ, ಅವರ ಜೊತೆಗೇ ಉಣ್ಣುತ್ತಿದ್ದ. ಈಗ ದೂರದ ಹಿಮದ ಮರುಭೂಮಿಯಲ್ಲಿ ಹೊಸ ಆಂಟೆನಾ ನಿಂತಿತ್ತು. ಅದನ್ನು ನೋಡಿಕೊಳ್ಳಲು ಗುರುಗಳೇ ಅವನ ಹೆಸರು ಬರೆದು ಕಳಿಸಿದ್ದರು. ಅಲ್ಲಿ ಒಬ್ಬ ಅಡುಗೆಯವನ ಹೊರತು ಇನ್ನೊಂದು ನರಪಿಳ್ಳೆ ಇರಲಿಲ್ಲ.

"ತಪ್ಪು ಮಾಡಿದವರನ್ನು ನಾನು ಕಣ್ಣೆದುರೇ ಇಟ್ಟುಕೊಳ್ಳುತ್ತೇನೆ. ಬೈಯಲು ಅನುಕೂಲ," ಎಂದರು ಗುರುಗಳು. "ಕೂತುಕೋ. ಒಂದು ಕತೆ ಹೇಳುತ್ತೇನೆ. ನಡುವೆ ಬಾಯಿ ಹಾಕಬೇಡ."

ಒಬ್ಬ ಹಿರಿಯ ಖಗೋಳಜ್ಞೆ ಇದ್ದರು. ನಮ್ಮ ಆಕಾಶಗಂಗೆಯ ನಟ್ಟನಡುವೆ ಒಂದು ಕಪ್ಪುಕುಳಿ ಇದೆಯೆಂದು ಅವರ ಕಾಲದವರಿಗೆ ಗೊತ್ತಿತ್ತು. ಯಾರೂ ಕಂಡಿರಲಿಲ್ಲ. ಆದರೆ ಅಲ್ಲಿನ ನಕ್ಷತ್ರಗಳು ಖಾಲಿ ಜಾಗವೊಂದನ್ನು ಸುತ್ತುತ್ತಿದ್ದವು. ಏನೂ ಇಲ್ಲದ ಕಡೆ ಯಾರೂ ಸುಮ್ಮನೆ ಸುತ್ತು ಹಾಕುವುದಿಲ್ಲವಲ್ಲ. ಹಾಗೆ ಗೊತ್ತಾದದ್ದು. ಅಷ್ಟಕ್ಕೆ ಆಕೆಯ ಮನಸ್ಸು ತುಂಬಲಿಲ್ಲ. ಅದರ ಚಿತ್ರ ತೆಗೆಯಬೇಕೆಂದು ಹಟ ಹಿಡಿದರು.

ಕಪ್ಪುಕುಳಿ ಬೆಳಕನ್ನು ನುಂಗುತ್ತದೆ, ಬಿಡುವುದಿಲ್ಲ. ಅದರೊಳಗೆ ಬೀಳುವ ಮುಂಚೆ ಮಾತ್ರ ಸುತ್ತಲಿನ ಅನಿಲ ಗಿರಗಿರನೆ ತಿರುಗಿ, ಕಾದು, ಹೊಳೆಯುತ್ತದೆ. ಆ ಹೊಳಪಿನ ನಡುವೆ ಒಂದು ತುಣುಕು ಕತ್ತಲೆ ಕಾಣಬೇಕು. ಎಷ್ಟು ಸಣ್ಣದು ಅಂತೀಯಾ? ಚಂದ್ರನ ಮೇಲೆ ಒಂದು ಕೋಡುಬಳೆ ಇಟ್ಟು, ಅದರ ತೂತನ್ನು ಇಲ್ಲಿಂದ ನೋಡು ಅಂದ ಹಾಗೆ. ಅದಕ್ಕೆ ಭೂಮಿಯಷ್ಟು ಅಗಲದ ಕಣ್ಣು ಬೇಕು. ಅಂಥದ್ದನ್ನು ಯಾರಪ್ಪ ಕಟ್ಟುತ್ತಾರೆ?

ಯಾರೂ ಕಟ್ಟಲಿಲ್ಲ. ಎಂಟು ಕಡೆಯ ಎಂಟು ಆಂಟೆನಾಗಳನ್ನು ಒಂದೇ ಗಳಿಗೆಯಲ್ಲಿ ಅದರತ್ತ ತಿರುಗಿಸಿದರು. ಪ್ರತಿಯೊಂದೂ ತನಗೆ ಬಂದದ್ದನ್ನು ಗಳಿಗೆ ಸಮೇತ ದಾಖಲಿಸಬೇಕು, ಆಮೇಲೆ ಎಲ್ಲವನ್ನೂ ಒಂದು ಕಡೆ ತಂದು ಹೊಂದಿಸಬೇಕು. ಆಗ ಆಂಟೆನಾಗಳ ನಡುವಿನ ದೂರವೇ ಕಣ್ಣಿನ ಅಗಲವಾಗುತ್ತದೆ. ಏಳು ಆಂಟೆನಾಗಳು ಬೆಟ್ಟಗಳ ಮೇಲಿದ್ದವು. ಎಂಟನೆಯದು ಭೂಮಿಯ ದಕ್ಷಿಣದ ತುದಿಯಲ್ಲಿ, ಹಿಮದ ಮೇಲೆ ಇತ್ತು.

ಅಲ್ಲಿಗೆ ಆಕೆ ತನ್ನ ಅಚ್ಚುಮೆಚ್ಚಿನ ಶಿಷ್ಯನನ್ನೇ ಕಳಿಸಿದರು. ಅವನಿಗೋ, ಚಿತ್ರ ಮೂಡುವ ಹೊತ್ತಿನಲ್ಲಿ ಆಕೆಯ ಪಕ್ಕದಲ್ಲಿರಬೇಕೆಂಬ ಆಸೆ. ಮುಖ ಸಣ್ಣದು ಮಾಡಿಕೊಂಡು ಹೋದ. ನಿನ್ನ ಹಾಗೆಯೇ ಅನ್ನು.

ಕೆಲಸ ನಾಲ್ಕಾರು ದಿನದ್ದು. ದಾಖಲಾದದ್ದು ಮಾತ್ರ ರಾಶಿ. ಅಲ್ಲಿಂದ ಅದನ್ನು ಬೇರೆ ದಾರಿಯಲ್ಲಿ ಕಳಿಸುವಂತಿರಲಿಲ್ಲ, ಡಿಸ್ಕುಗಳನ್ನು ಪೆಟ್ಟಿಗೆಗೆ ತುಂಬಿ ವಿಮಾನದಲ್ಲೇ ಒಯ್ಯಬೇಕು. ಬೆಟ್ಟಗಳಿಂದ ಏಳು ಪೆಟ್ಟಿಗೆಗಳು ಆಕೆಯನ್ನು ತಲುಪಿದವು. ಅಷ್ಟರಲ್ಲಿ ಹಿಮದ ನಾಡಿಗೆ ಚಳಿಗಾಲ ಬಂತು. ಸೂರ್ಯ ಮುಳುಗಿದ, ವಿಮಾನ ನಿಂತಿತು. ಇನ್ನು ಆರು ತಿಂಗಳು ಅಲ್ಲಿ ಅವನು, ಅವನ ಪೆಟ್ಟಿಗೆ, ಮತ್ತು ಜನರೇಟರ್ ನೋಡಿಕೊಳ್ಳುವ ಒಬ್ಬ ಮೆಕ್ಯಾನಿಕ್.

ಒಂದು ದಿನ ಅವನಿಗೆ ತಡೆಯಲಾಗಲಿಲ್ಲ. ಒಂದು ಡಿಸ್ಕನ್ನು ಹಾಕಿ ಕೇಳಿದ. ಸುಯ್ ಎನ್ನುವ ಸದ್ದು ಬಿಟ್ಟರೆ ಬೇರೇನೂ ಇರಲಿಲ್ಲ.

'ಅದರಲ್ಲಿ ಏನಿದೆ?' ಎಂದ ಮೆಕ್ಯಾನಿಕ್.

'ಗೊತ್ತಿಲ್ಲ. ಇದೇ ಸದ್ದು, ಇದೇ ಗಳಿಗೆಯಲ್ಲಿ, ಬೇರೆ ಪೆಟ್ಟಿಗೆಯಲ್ಲೂ ಸಿಕ್ಕಿದರೆ ಅದು ಆಕಾಶದಿಂದ ಬಂದದ್ದು. ಇಲ್ಲದಿದ್ದರೆ ಯಂತ್ರದ ಗೊರಕೆ.'

'ಅಂದರೆ ನಿನ್ನೊಬ್ಬನ ಪೆಟ್ಟಿಗೆಯಲ್ಲಿ ಏನೂ ಇಲ್ಲ ಅನ್ನು.'

ಶಿಷ್ಯನಿಗೆ ತನ್ನ ಗಡಿಯಾರ ಕೂದಲೆಳೆಯಷ್ಟು ತಪ್ಪಿದ್ದರೂ ಪೆಟ್ಟಿಗೆ ಕಸಕ್ಕೆ ಸಮ ಎಂಬ ಭಯ ಹೊಕ್ಕಿತು. ಚಿತ್ರ ಬಂತೇ ಎಂದು ಆಕೆಗೆ ಸಂದೇಶ ಕಳಿಸಿದ. 'ಕಾಯುತ್ತಿದ್ದೇನೆ' ಎಂದಷ್ಟೇ ಉತ್ತರ ಬಂತು. ಆಕೆಯದು ಮೊದಲೇ ಮಾತು ಕಡಿಮೆ. ಏಳು ಪೆಟ್ಟಿಗೆ ಸಾಕು, ಮುಗಿಸಿಬಿಡೋಣ ಎಂದು ಜೊತೆಯವರು ದುಂಬಾಲು ಬಿದ್ದರೂ ಆಕೆ ಒಪ್ಪಿರಲಿಲ್ಲ. ಅದು ಅವನಿಗೇನು ಗೊತ್ತು? ತನ್ನನ್ನು ಮರೆತೇಬಿಟ್ಟರು ಎಂದುಕೊಂಡ. ಅಷ್ಟು ಓದಿದವನು, ಪೆಟ್ಟಿಗೆಯ ಮೇಲೆ ತಲೆಯಿಟ್ಟು ಅತ್ತ.

ಆರು ತಿಂಗಳಾದ ಮೇಲೆ ಸೂರ್ಯ ಬಂದ, ಅವನ ಹಿಂದೆ ವಿಮಾನ ಬಂತು. ಶಿಷ್ಯ ಪೆಟ್ಟಿಗೆಯನ್ನು ತಾನೇ ತಂದು ಒಪ್ಪಿಸಿದ. ಎಂಟನ್ನೂ ಹೊಂದಿಸಿ ನೋಡಿದರು. ಅವನ ಗಡಿಯಾರ ತಪ್ಪಿರಲಿಲ್ಲ. ಚಿತ್ರ ಮೂಡಿಸಲು ಆಕೆ ನಾಲ್ಕು ಗುಂಪು ಮಾಡಿ, ಒಂದು ಗುಂಪಿನವರು ಇನ್ನೊಂದು ಗುಂಪಿನವರೊಡನೆ ಮಾತಾಡಕೂಡದು ಎಂದರು. ಒಬ್ಬರ ಆಸೆ ಇನ್ನೊಬ್ಬರ ಕಣ್ಣಿಗೆ ಅಂಟಬಾರದಲ್ಲ. ಕೊನೆಗೆ ನಾಲ್ಕು ಗುಂಪಿನ ಚಿತ್ರಗಳನ್ನೂ ಒಟ್ಟಿಗೆ ಇಟ್ಟಾಗ ನಾಲ್ಕರಲ್ಲೂ ಅದೇ ಇತ್ತು. ಮಸುಕಾದ ಬೆಳಕಿನ ಬಳೆ, ನಡುವೆ ಕತ್ತಲೆ. ಎಲ್ಲರೂ ಒಬ್ಬರನ್ನೊಬ್ಬರು ತಬ್ಬಿಕೊಂಡರು. ಶಿಷ್ಯ ಮಾತ್ರ ದೂರ ನಿಂತಿದ್ದ.

'ಮೇಡಂ, ಇದರಲ್ಲಿ ನನ್ನದು ಯಾವುದು?' ಎಂದು ಕೇಳಿದ.

ಆಕೆ ಎಂಟನೆಯ ಪೆಟ್ಟಿಗೆಯದನ್ನು ತೆಗೆದುಹಾಕಿ ಚಿತ್ರವನ್ನು ಮತ್ತೆ ಮೂಡಿಸಿದರು. ಬೆಳಕು ಅಲ್ಲೇ ಇತ್ತು. ನಡುವಿನ ಕತ್ತಲೆ ಇರಲಿಲ್ಲ. ಬಳೆ ಹೋಗಿ ಬರೀ ಬೆಳಕಿನ ಮುದ್ದೆ ಉಳಿದಿತ್ತು.

'ನಾನು ಇಷ್ಟು ವರ್ಷ ಹುಡುಕಿದ್ದು ಆ ಕತ್ತಲೆಯನ್ನು. ನೀನು ಅಷ್ಟು ದೂರ ಇದ್ದದ್ದರಿಂದ ಅದು ಕಂಡಿತು,' ಎಂದರು ಆಕೆ.

ಗುರುಗಳು ಕತೆ ನಿಲ್ಲಿಸಿ ನೀರು ಕುಡಿದರು.

"ಆ ಆರು ತಿಂಗಳು ಆಕೆ ಹೇಗೆ ಕಳೆದರು?" ಎಂದ ಬಸವಂತ.

"ಬೆಳಿಗ್ಗೆ ಎದ್ದು ಮೊದಲು ಆ ಕಡೆಯ ಹವಾಮಾನ ನೋಡುತ್ತಿದ್ದರು. ಆಮೇಲೆ ಕಾಫಿ. ಒಬ್ಬರೇ ಕುಡಿಯುತ್ತಿದ್ದರು. ಅವನಿಗೆ ಎಷ್ಟು ಕಷ್ಟವಾಯಿತೋ ಆಕೆಗೂ ಅಷ್ಟೇ ಆಯಿತು."

"ಹಾಗಾದರೆ ನಾನು ಹೋದಮೇಲೆ ಇಲ್ಲಿ ನಿಮ್ಮ ಜೊತೆ ಯಾರಿರುತ್ತಾರೆ, ಗುರುಗಳೇ?"

ಗುರುಗಳು ಪಕ್ಕದಲ್ಲಿದ್ದ ಅವನ ಪ್ರಯಾಣದ ಕಾಗದಗಳನ್ನು ಎತ್ತಿ ಅವನ ಕೈಗಿತ್ತರು.

"ಯಾರೂ ಇರುವುದಿಲ್ಲ. ಆದರೆ ನೀನು ನನ್ನ ಪಕ್ಕದಲ್ಲೇ ಕೂತಿದ್ದರೆ, ನಮ್ಮಿಬ್ಬರಿಗೂ ಸೇರಿ ಇರುವುದು ಒಂದೇ ಸಣ್ಣ ಕಣ್ಣು."

ಬಸವಂತ ಕಾಗದಗಳನ್ನು ಮಡಿಸಿ ಜೇಬಿಗೆ ಹಾಕಿಕೊಂಡ.